ವಾರ ಬಿಟ್ಟು ವಾರ ಬರುವ ಶನಿವಾರ

ಸಿಂಗಾಪುರದಲ್ಲಿ ಕೆಲಸ, ತಿರುವನಂತಪುರದಲ್ಲಿ ಮಕ್ಕಳು. ಹೆಂಡತಿಯಿಂದ ಬೇರೆಯಾದ ಆ ತಂದೆ ಎಂಟು ವರ್ಷದ ಮಗಳನ್ನೂ ಮೂರು ವರ್ಷದ ಮಗನನ್ನೂ ತನ್ನ ಜೊತೆ ಇರಿಸಿಕೊಳ್ಳಬೇಕೆಂದು ಕೋರ್ಟಿಗೆ ಹೋದರು. ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟ್ ತಿಂಗಳಿಗೆ ಹದಿನೈದು ದಿನ ಮಕ್ಕಳು ಅವರ ಬಳಿ ಇರಲಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಅವರು ತಿರುವನಂತಪುರದಲ್ಲಿ ಬಾಡಿಗೆ ಮನೆ ಹಿಡಿದು, ತಿಂಗಳು ತಿಂಗಳೂ ವಿಮಾನ ಹತ್ತಿ ಬಂದರು. 2025ರ ಏಪ್ರಿಲ್ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ಏರ್ಪಾಡನ್ನು ತೆಗೆದುಹಾಕಿತು. ತಂದೆಯ ಅಕ್ಕರೆಯ ಬಗ್ಗೆ ನ್ಯಾಯಮೂರ್ತಿಗಳಿಗೆ ಸಂಶಯ ಇರಲಿಲ್ಲ, ತೀರ್ಪಿನಲ್ಲಿ ಹಾಗೆಂದು ಬರೆದಿದ್ದಾರೆ. ಅವರು ಮಗಳನ್ನೇ ಮಾತಾಡಿಸಿ ನೋಡಿದ್ದರು. ಆ ಹದಿನೈದು ದಿನ ಹುಡುಗಿಗೆ ಒಂದು ಹೊತ್ತೂ ಮನೆಯ ಅಡುಗೆ ಸಿಕ್ಕಿರಲಿಲ್ಲ. ಊಟವೆಲ್ಲ ಹೋಟೆಲಿನದು. ಅಪ್ಪನನ್ನು ಬಿಟ್ಟರೆ ಮನೆಯಲ್ಲಿ ಬೇರೆ ಜನವಿಲ್ಲ. ಅಮ್ಮನ ಮನೆಯಲ್ಲಾದರೋ ಅಜ್ಜ ಅಜ್ಜಿ, ಪುಟ್ಟ ತಮ್ಮ, ಎಲ್ಲರೂ ಇದ್ದರು.

ಕೋರ್ಟು ಹಾಕಿಕೊಟ್ಟ ಹೊಸ ಏರ್ಪಾಡು ಹೀಗಿದೆ: ವಾರ ಬಿಟ್ಟು ವಾರ ಶನಿವಾರ, ಭಾನುವಾರ ಮಗಳು ಅಪ್ಪನ ಜೊತೆ. ಅವೆರಡರಲ್ಲಿ ಒಂದು ದಿನ ಮಗನ ಜೊತೆ ನಾಲ್ಕು ಗಂಟೆ, ಮಕ್ಕಳ ಕೌನ್ಸೆಲರ್ ಸಮ್ಮುಖದಲ್ಲಿ. ವಾರಕ್ಕೆರಡು ಸಲ ಹದಿನೈದು ನಿಮಿಷದ ವಿಡಿಯೊ ಕರೆ.

ಹೋಟೆಲ್ ಊಟದ ತೀರ್ಪು ಎಂದು ಇದನ್ನು ನೆನಪಿಟ್ಟುಕೊಳ್ಳುವುದು ಸುಲಭ. ನನಗೆ ಇದರಲ್ಲಿ ಬೇರೆಯದೇ ಕಾಣುತ್ತದೆ. ಅಪ್ಪನಿಗೆಷ್ಟು ದಿನ, ಅಮ್ಮನಿಗೆಷ್ಟು ದಿನ ಎಂಬ ಲೆಕ್ಕವನ್ನು ಪಕ್ಕಕ್ಕಿಟ್ಟು, ಆ ಹುಡುಗಿಯ ಒಂದು ದಿನ ಹೇಗೆ ಕಳೆಯುತ್ತದೆ ಎಂದು ದೇಶದ ದೊಡ್ಡ ಕೋರ್ಟು ಕೇಳಿತು. ಡಿವೋರ್ಸ್ ಆದ ಮನೆಗಳಲ್ಲಿ ಕೇಳದೆ ಬಿಟ್ಟುಹೋಗುವ ಪ್ರಶ್ನೆಯೇ ಅದು.

ಕನ್ನಡ ಓದುಗರಿಗೆ ಇದು ದೂರದ ಊರಿನ ಸುದ್ದಿಯೂ ಅಲ್ಲ. ಕಾಸರಗೋಡಿನ ಫ್ಯಾಮಿಲಿ ಕೋರ್ಟಿನಲ್ಲಿ ತೀರ್ಮಾನವಾದ ಕನ್ನಡ ಮನೆಯ ಮಗುವಿನ ಮೊಕದ್ದಮೆ ಮೇಲ್ಮನವಿಗೆ ಹೋಗುವುದು ಎರ್ನಾಕುಳಕ್ಕೆ, ಕೊಚ್ಚಿಯ ಅದೇ ಹೈಕೋರ್ಟಿಗೆ. ಕೊಚ್ಚಿಯ ಕಾಕ್ಕನಾಡಿನ ಇನ್ಫೋಪಾರ್ಕ್, ತಿರುವನಂತಪುರದ ಟೆಕ್ನೋಪಾರ್ಕ್, ಬ್ಯಾಂಕು, ಉಡುಪಿ ಹೋಟೆಲು ಅಂತ ಆ ಎರಡು ನಗರಗಳಲ್ಲಿ ಬದುಕು ಕಟ್ಟಿಕೊಂಡವರು ನಮ್ಮಲ್ಲಿ ಇದ್ದಾರೆ. ಅವರ ಮಕ್ಕಳಿಗೂ ಅನ್ವಯಿಸುವುದು ಇದೇ ಕಾನೂನು. ಇದರ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳು ಮಕ್ಕಳಿಗೆ ಮಾಡುವ ಹಾನಿ ದೊಡ್ಡದು.

ತಪ್ಪು ಕಲ್ಪನೆ: ಕಸ್ಟಡಿ ಸಿಕ್ಕವರು ಗೆದ್ದರು, ಭೇಟಿ ಎಂಬುದು ಸೋತವರ ಸಮಾಧಾನಕ್ಕೆ

ಮಗು ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದಕ್ಕೆ ಕಸ್ಟಡಿ ಅನ್ನುತ್ತಾರೆ. ಕಸ್ಟಡಿ ಒಬ್ಬರಿಗೆ ಹೋದ ಮಾತ್ರಕ್ಕೆ ಇನ್ನೊಬ್ಬರ ಅಪ್ಪತನವಾಗಲಿ ಅಮ್ಮತನವಾಗಲಿ ರದ್ದಾಗುವುದಿಲ್ಲ. ಮಕ್ಕಳು ತಂದೆತಾಯಿಯ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿಯಾಗಿದೆ. 2020ರ ಜನವರಿಯ ಇನ್ನೊಂದು ತೀರ್ಪು ಮತ್ತೂ ಮುಂದೆ ಹೋಗಿ, ಅಪ್ಪ ಅಮ್ಮ ಇಬ್ಬರ ಒಡನಾಟವೂ ಮಗುವಿಗೆ ಸಲ್ಲಬೇಕಾದ್ದು, ತೀರಾ ವಿಪರೀತ ಸಂದರ್ಭದಲ್ಲಲ್ಲದೆ ಒಬ್ಬರ ಸಂಪರ್ಕವನ್ನು ಕಡಿಯಬಾರದು ಎಂದಿತು. ಹಾಗಾಗಿ ಭೇಟಿಯ ದಿನ ಮಗುವಿನ ಪಾಲಿನದು. ಅದನ್ನು ಕೊಡುವವರು ಧಾರಾಳಿಗಳೆಂದೋ ಪಡೆಯುವವರು ಋಣಿಗಳೆಂದೋ ತಿಳಿಯಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸಬೇಕು. ಹೊಡೆತ, ಕುಡಿತ, ದೌರ್ಜನ್ಯದ ಭಯ ಇರುವಲ್ಲಿ ಭೇಟಿಯನ್ನು ತಡೆಯುವ, ಇಲ್ಲವೇ ಮೂರನೆಯವರ ಕಣ್ಣೆದುರಿಗೇ ನಡೆಸುವ ಅಧಿಕಾರ ಕೋರ್ಟಿಗೆ ಇದೆ. ಮಗುವಿಗೆ ಅಪಾಯವಿದ್ದರೆ ಮೊದಲ ದಿನವೇ ವಕೀಲರಿಗೆ ಹೇಳಿ, ಅರ್ಜಿಯಲ್ಲಿ ಬರೆಸಬೇಕು.

ತಪ್ಪು ಕಲ್ಪನೆ: ಐದು ವರ್ಷದವರೆಗೆ ತಾಯಿಗೆ, ಆಮೇಲೆ ತಂದೆಗೆ

ಇದಕ್ಕೆ ಮೂಲ 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯ ಆರನೆಯ ಕಲಮು. ಹುಡುಗ ಅಥವಾ ಅವಿವಾಹಿತ ಹುಡುಗಿಯ ಸಹಜ ಪೋಷಕ ತಂದೆ, ಅವನ ನಂತರ ತಾಯಿ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು ಅದು ಹೇಳುತ್ತದೆ. ಐದನೆಯ ಹುಟ್ಟುಹಬ್ಬದ ಮರುದಿನ ಮಗುವನ್ನು ತಂದೆಗೆ ಒಪ್ಪಿಸಬೇಕೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಅದೇ ಕಾಯ್ದೆಯ 13ನೆಯ ಕಲಮು ಮಗುವಿನ ಹಿತವನ್ನು ಎಲ್ಲಕ್ಕಿಂತ ಮೇಲಿಟ್ಟಿದೆ. ಕ್ರೈಸ್ತರ 1869ರ ವಿಚ್ಛೇದನ ಕಾಯ್ದೆ, 1954ರ ವಿಶೇಷ ವಿವಾಹ ಕಾಯ್ದೆ, ಎಲ್ಲ ಧರ್ಮದವರಿಗೂ ಬಳಕೆಯಾಗುವ 1890ರ ಪೋಷಕ ಮತ್ತು ಪಾಲಿತರ ಕಾಯ್ದೆ, ಯಾವುದರ ಕೆಳಗೆ ಅರ್ಜಿ ಹಾಕಿದರೂ ಕೋರ್ಟು ಹಿಡಿಯುವ ಅಳತೆಗೋಲು ಅದೊಂದೇ.

‘ಅವನ ನಂತರ’ ಎಂಬ ಮಾತಿಗೂ ಒಂದು ಕಥೆಯಿದೆ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡಿಗೆ ಅರ್ಜಿ ಹಾಕಿದಾಗ, ತಾಯಿಯ ಸಹಿ ಸಾಲದು, ತಂದೆಯ ಸಹಿ ಬೇಕು ಎಂಬ ಉತ್ತರ ಬಂತು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1999ರಲ್ಲಿ ಬಂದ ತೀರ್ಪು ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದು ಅರ್ಥವಲ್ಲ, ತಂದೆ ಯಾವ ಕಾರಣಕ್ಕೋ ಮಗುವಿನ ಹೊಣೆಯಿಂದ ದೂರವಿದ್ದಾಗ ತಾಯಿಯೇ ಸಹಜ ಪೋಷಕಿ ಎಂದು ಬಿಡಿಸಿಹೇಳಿತು.

ಮಗು ತಂದೆಯ ಕುಲಕ್ಕೆ ಸೇರಿದ್ದು ಎಂಬ ವಾದವನ್ನು ನಮ್ಮ ಕಡೆ ಯಾರಾದರೂ ಎತ್ತಿದರೆ ನನಗೆ ಅಳಿಯಸಂತಾನ ನೆನಪಾಗುತ್ತದೆ. ತುಳುನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳು ತಾಯಿಯ ಕುಟುಂಬದವರಾಗಿದ್ದರು, ಸೋದರಮಾವನೇ ಯಜಮಾನನಾಗಿದ್ದ. ತಿರುವಾಂಕೂರಿನಲ್ಲಿ ಅರಸೊತ್ತಿಗೆಯೇ ಮರುಮಕ್ಕತ್ತಾಯದಲ್ಲಿ, ಹೆಣ್ಣಿನ ಸಂತತಿಯಲ್ಲಿ ಇಳಿದು ಬಂದದ್ದು. ಕೇರಳ ತನ್ನ 1975ರ ಕಾಯ್ದೆಯಿಂದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ತೆಗೆದುಹಾಕಿತು. ಅಂದರೆ ಈ ನೆಲದಲ್ಲಿ ‘ಅನಾದಿಯಿಂದ ಹೀಗೇ’ ಎನ್ನುವವರು ಎರಡು ತಲೆಮಾರಿನ ಹಿಂದಕ್ಕೆ ನೋಡಿದರೆ ಸಾಕು.

ತಪ್ಪು ಕಲ್ಪನೆ: ಹೆಚ್ಚು ಸಂಬಳ ಇರುವವರಿಗೇ ಮಗು

ಸಿಂಗಾಪುರದ ತಂದೆಯ ಪ್ರಕರಣವೇ ಇದಕ್ಕೆ ಉತ್ತರ. ಹಣ ಕಡಿಮೆ ಇರುವವರ ಮನೆಯಲ್ಲಿ ಮಗು ಬೆಳೆಯಲಿ, ಹೆಚ್ಚು ಇರುವವರು ಖರ್ಚು ಕೊಡಲಿ ಎಂದು ಕೋರ್ಟು ಹೇಳಬಹುದು. ಕೆಲಸಕ್ಕೆ ಹೋಗುವ ತಾಯಿಗೆ ಮಗು ಸಿಗದು ಎಂಬುದೂ ಇದೇ ಜಾತಿಯ ಸುಳ್ಳು.

ತಪ್ಪು ಕಲ್ಪನೆ: ಜೀವನಾಂಶ ಕೊಡದಿದ್ದರೆ ಮಗುವನ್ನು ತೋರಿಸಬೇಕಾಗಿಲ್ಲ

ಇದರ ಇನ್ನೊಂದು ಮುಖವೂ ಚಲಾವಣೆಯಲ್ಲಿದೆ: ಮಗುವನ್ನು ತೋರಿಸದಿದ್ದರೆ ದುಡ್ಡು ಕೊಡಬೇಕಾಗಿಲ್ಲ. ಎರಡೂ ತಪ್ಪು. ಜೀವನಾಂಶ ಮಗುವಿನ ಅನ್ನ, ಶಾಲೆ, ಔಷಧಿಗೆ; ಭೇಟಿ ಮಗುವಿನ ಮನಸ್ಸಿಗೆ. ಒಂದು ಬಾಕಿಯಾದರೆ ಅದನ್ನು ವಸೂಲು ಮಾಡುವ ದಾರಿಯೂ ಇನ್ನೊಂದು ತಪ್ಪಿದರೆ ಅದನ್ನು ಜಾರಿಗೊಳಿಸುವ ಅರ್ಜಿಯೂ ಫ್ಯಾಮಿಲಿ ಕೋರ್ಟಿನಲ್ಲೇ ಬೇರೆಬೇರೆಯಾಗಿ ಇವೆ. ಅಪ್ಪ ಮೂರು ತಿಂಗಳು ದುಡ್ಡು ಕಳಿಸಲಿಲ್ಲ ಎಂದು ಶನಿವಾರದ ಭೇಟಿ ನಿಲ್ಲಿಸಿದರೆ ನಷ್ಟವಾಗುವುದು ಅದಾಗಲೇ ಮೂರು ತಿಂಗಳ ಖರ್ಚು ಕಳೆದುಕೊಂಡ ಮಗುವಿಗೇ.

ತಪ್ಪು ಕಲ್ಪನೆ: ಒಮ್ಮೆ ಆದ ಆದೇಶ ಕಡೆಯದು, ಮರುಮದುವೆಯಾದರೆ ಮಗು ಕೈತಪ್ಪುತ್ತದೆ

ಕೇರಳದ್ದೇ ಇನ್ನೊಂದು ಪ್ರಕರಣ ಇವೆರಡನ್ನೂ ಒಟ್ಟಿಗೆ ಅಳಿಸಿತು. ದಂಪತಿ ಪರಸ್ಪರ ಒಪ್ಪಿ ವಿಚ್ಛೇದನ ಪಡೆದಿದ್ದರು, ಮಗ ತಾಯಿಯ ಬಳಿ ಇದ್ದ. ತಾಯಿ ಮರುಮದುವೆಯಾದರು. ಮಗನನ್ನು ಮಲೇಷ್ಯಾಕ್ಕೆ ಕರೆದೊಯ್ಯುವ ಮಾತು ಬಂದಾಗ ತಂದೆ ಕೋರ್ಟಿಗೆ ಹೋದರು. 2023ರಲ್ಲಿ ಕೇರಳ ಹೈಕೋರ್ಟ್ ಕಸ್ಟಡಿಯನ್ನು ತಂದೆಗೆ ಕೊಟ್ಟಿತು, 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಹುಡುಗನಿಗೆ ಆ ಸುದ್ದಿ ತಡೆಯಲಾಗಲಿಲ್ಲ. ಅಮ್ಮನಿಂದ ಬೇರೆಯಾಗಬೇಕೆಂಬ ಆತಂಕ ಅವನ ಆರೋಗ್ಯವನ್ನೇ ತಿನ್ನತೊಡಗಿದೆ ಎಂದು ಮನಃಶಾಸ್ತ್ರಜ್ಞರು ವರದಿ ಕೊಟ್ಟರು. ತಾಯಿ ಪುನರ್‌ಪರಿಶೀಲನಾ ಅರ್ಜಿ ಹಾಕಿದರು. ಸುಪ್ರೀಂ ಕೋರ್ಟಿನಲ್ಲಿ ಅಂಥ ಅರ್ಜಿ ಫಲಿಸುವುದು ಅಪರೂಪ. 2025ರ ಜುಲೈಯಲ್ಲಿ ಕೋರ್ಟು ತನ್ನದೇ ಆದೇಶವನ್ನು ಹಿಂತೆಗೆದುಕೊಂಡು ಹುಡುಗನನ್ನು ತಾಯಿಯ ಮನೆಯಲ್ಲೇ ಉಳಿಸಿತು. ಮಲತಂದೆ ಮತ್ತು ಪುಟ್ಟ ತಮ್ಮನ ಜೊತೆ ಅವನಿಗಿದ್ದ ಸಲಿಗೆಯೂ ಅಲ್ಲಿ ಲೆಕ್ಕಕ್ಕೆ ಬಂತು. ಹೆತ್ತ ತಂದೆಯ ಭೇಟಿಗೆ ದಾರಿ ತೆರೆದೇ ಇತ್ತು.

ಮಗು ಬೆಳೆದಂತೆ ಅದರ ಅಗತ್ಯ ಬದಲಾಗುತ್ತದೆ, ಆದೇಶವೂ ಬದಲಾಗಬಹುದು. ಮೂರು ವರ್ಷದವನಿಗೆ ನಾಲ್ಕು ಗಂಟೆ ಸಾಕು. ಹತ್ತು ವರ್ಷದವನಿಗೆ ಅಪ್ಪನ ಊರಿನಲ್ಲಿ ಎರಡು ವಾರ ರಜೆ ಕಳೆಯುವ ಆಸೆ. ಹದಿನೈದಾದಾಗ ಶನಿವಾರ ಟ್ಯೂಷನ್ ಇರುತ್ತದೆ, ಗೆಳೆಯರಿರುತ್ತಾರೆ. ಆಗ ಹಳೆಯ ಆದೇಶವನ್ನು ಹಿಡಿದು ಜಗ್ಗುವುದಕ್ಕಿಂತ ಹೊಸದನ್ನು ಕೇಳಿ ಪಡೆಯುವುದೇ ಸರಿ.

ತಪ್ಪು ಕಲ್ಪನೆ: ಮಗು ಯಾರನ್ನು ಆರಿಸುತ್ತದೋ ಅವರಿಗೇ

1890ರ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ತಿಳಿದು ಹೇಳುವಷ್ಟು ದೊಡ್ಡದಾದ ಮಗುವಿನ ಇಚ್ಛೆಯನ್ನು ಕೋರ್ಟು ಗಮನಿಸಬಹುದು. ಅದಕ್ಕೆ ಇಂತಿಷ್ಟೇ ವಯಸ್ಸು ಎಂದಿಲ್ಲ, ಅದರಂತೆಯೇ ತೀರ್ಪು ಕೊಡಬೇಕೆಂದೂ ಇಲ್ಲ. ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆದು ಒಂಟಿಯಾಗಿ ಮಾತಾಡಿಸುತ್ತಾರೆ. ಹಿಂದಿನ ರಾತ್ರಿ ಮನೆಯಲ್ಲಿ ಪಾಠ ಹೇಳಿಸಿಕೊಂಡು ಬಂದ ಮಗು ಅಲ್ಲಿ ಗಂಟಲು ಕಟ್ಟಿ ಕೂರುತ್ತದೆ. ‘ಯಾರು ಬೇಕು ಹೇಳು’ ಎಂದು ನೆಂಟರಿಷ್ಟರು ಮದುವೆಮನೆಯಲ್ಲಿ, ಅಂಗಳದಲ್ಲಿ ಕೇಳುವುದನ್ನಂತೂ ದಯವಿಟ್ಟು ನಿಲ್ಲಿಸಬೇಕು. ಇಬ್ಬರಲ್ಲಿ ಒಬ್ಬರನ್ನು ಬಿಡು ಎಂದು ಮಗುವನ್ನು ಕೇಳುವ ಅಧಿಕಾರ ಯಾವ ಅತ್ತೆಗೂ ಯಾವ ಚಿಕ್ಕಪ್ಪನಿಗೂ ಇಲ್ಲ.

ತಪ್ಪು ಕಲ್ಪನೆ: ಮಗುವನ್ನು ಒಪ್ಪಿಸುವ ಜಾಗ ಕೋರ್ಟಿನ ಆವರಣವೇ

ಬಹುಕಾಲ ಹಾಗೇ ನಡೆದು ಬಂದಿದೆ. ವಕೀಲರು, ಪೊಲೀಸರು, ಜಗಳವಾಡುವ ಬೇರೆ ದಂಪತಿಗಳು ತುಂಬಿದ ವರಾಂಡದಲ್ಲಿ ಶಾಲೆಯ ಚೀಲ ಹೊತ್ತ ಮಗುವನ್ನು ಈ ಕೈಯಿಂದ ಆ ಕೈಗೆ ದಾಟಿಸುವುದು. 2025ರಲ್ಲಿ ಕೇರಳ ಹೈಕೋರ್ಟಿನ ವಿಭಾಗೀಯ ಪೀಠ ಇದನ್ನು ನಿಲ್ಲಿಸಬೇಕೆಂದು ಫ್ಯಾಮಿಲಿ ಕೋರ್ಟುಗಳಿಗೆ ಹೇಳಿತು: ಒಪ್ಪಿಸುವುದು ಎರಡೂ ಕಡೆಗೆ ಸಲ್ಲುವ ಬೇರೆ ಜಾಗದಲ್ಲಿ ಆಗಲಿ, ಕೋರ್ಟಿನ ಆವರಣ ಅನಿವಾರ್ಯವಾದಾಗ ಮಾತ್ರ, ಮಗುವನ್ನು ಕರೆಸಲೇಬೇಕಾದರೆ ಕಾಯಿಸದೆ, ಘನತೆಯಿಂದ ನಡೆಸಿಕೊಳ್ಳಲಿ. ಎರ್ನಾಕುಳದಲ್ಲಿ ಸುಭಾಷ್ ಪಾರ್ಕ್ ಇದೆ, ತಿರುವನಂತಪುರದಲ್ಲಿ ಕನಕಕುನ್ನು, ಮ್ಯೂಸಿಯಂ ಆವರಣ ಇವೆ. ಇಬ್ಬರಿಗೂ ಬೇಕಾದ ಒಬ್ಬ ನೆಂಟರ ಮನೆ ಸಿಕ್ಕರೆ ಇನ್ನೂ ಒಳ್ಳೆಯದು. ಅಪ್ಪನನ್ನು ನೋಡಿದ ಜಾಗ ಎಂದು ನೆನೆದಾಗ ಮಗುವಿಗೆ ಮರ, ಮೀನು, ಐಸ್‌ಕ್ರೀಮು ಕಣ್ಣ ಮುಂದೆ ಬರಬೇಕಲ್ಲವೇ?

ತಪ್ಪು ಕಲ್ಪನೆ: ಸರಿಯಾಗಿ ಅರ್ಧ ಮಾಡಿದರೆ ನ್ಯಾಯ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತು ಯೋಚಿಸಬೇಕಾದ್ದು ಇದನ್ನು. ಇಬ್ಬರೂ ಸೇರಿ ಬೆಳೆಸುವ ಜಂಟಿ ಕಸ್ಟಡಿಗೆ ಕಾನೂನಿನಲ್ಲಿ ಜಾಗ ಇರಬೇಕು ಎಂದು ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಶಿಫಾರಸು ಮಾಡಿತ್ತು. ಒಳ್ಳೆಯ ಮಾತು. ಎರಡು ಮನೆ ಒಂದೇ ಬಡಾವಣೆಯಲ್ಲಿದ್ದು, ಶಾಲೆ ನಡುವೆ ಇದ್ದರೆ ವಾರ ಅಲ್ಲಿ ವಾರ ಇಲ್ಲಿ ನಡೆದೀತು. ತಾಯಿ ಕಾಕ್ಕನಾಡಿನಲ್ಲಿ, ತಂದೆ ಕಾಸರಗೋಡಿನ ಕುಂಬಳೆಯಲ್ಲಿ ಆದರೆ?

ಕಾಸರಗೋಡಿನಿಂದ ಎರ್ನಾಕುಳಕ್ಕೆ ವಂದೇ ಭಾರತ್ ರೈಲಿನಲ್ಲೂ ಸುಮಾರು ಆರು ಗಂಟೆಯ ಪ್ರಯಾಣ. ಶುಕ್ರವಾರ ಶಾಲೆ ಬಿಟ್ಟು ಹೊರಟು, ಭಾನುವಾರ ರಾತ್ರಿ ಮರಳಿ, ಸೋಮವಾರ ಮತ್ತೆ ಶಾಲೆ ಎಂದರೆ ಆರು ವರ್ಷದ ಮಗುವಿಗೆ ಅದು ಶಿಕ್ಷೆ. ಅಂಥಲ್ಲಿ ಪ್ರಯಾಣ ದೊಡ್ಡವರದಾಗಬೇಕು. ತಂದೆ ರಾತ್ರಿಯ ರೈಲು ಹತ್ತಿ ಎರ್ನಾಕುಳದಲ್ಲಿ ಇಳಿಯಲಿ. ಉಳಿಯುವ ಜಾಗದಲ್ಲಿ ಒಂದು ಒಲೆ, ಒಂದು ಕುಕ್ಕರು ಇರಲಿ. ಗಂಜಿ, ಚಟ್ನಿ ಆದರೂ ಸರಿ, ಅಪ್ಪ ಬೇಯಿಸಿದ್ದು ಎಂದು ಮಗು ಉಣ್ಣುತ್ತದೆ. ದೊಡ್ಡ ರಜೆಯಲ್ಲಿ ಮಗು ಊರಿಗೆ ಹೋಗಿ ಅಜ್ಜಿಯ ಮನೆಯಲ್ಲಿ ದಿನಗಟ್ಟಲೆ ಇರಲಿ.

ರಜೆಯ ವಿಷಯದಲ್ಲಿ ಗಡಿಯ ಮನೆಗಳು ಮತ್ತೆ ಮತ್ತೆ ಎಡವುತ್ತವೆ. ಕೇರಳದ ಶಾಲೆಗೆ ಓಣಂ ಹೊತ್ತಿಗೆ ಸುಮಾರು ಹತ್ತು ದಿನ, ಕ್ರಿಸ್‌ಮಸ್‌ಗೆ ಹತ್ತು ದಿನ, ಏಪ್ರಿಲ್ ಮೇ ಬೇಸಿಗೆ ರಜೆ. ಕರ್ನಾಟಕದಲ್ಲಿ ದಸರೆಗೆ ದೊಡ್ಡ ರಜೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇರುವ ತಂದೆ ‘ಹಬ್ಬದ ರಜೆಯಲ್ಲಿ ಅರ್ಧ’ ಎಂದು ಒಪ್ಪಂದ ಬರೆಸಿಕೊಂಡು ದಸರೆಗೆ ಕಾದು ಕೂತರೆ, ಕೊಚ್ಚಿಯಲ್ಲಿ ಓದುವ ಮಗುವಿಗೆ ಆಗ ಸಿಗುವುದು ಎರಡು ಮೂರು ದಿನದ ಬಿಡುವಷ್ಟೇ. ಓಣಂ ರಜೆ ಅಷ್ಟರಲ್ಲಿ ಕಳೆದುಹೋಗಿರುತ್ತದೆ. ಆದ್ದರಿಂದ ಒಪ್ಪಂದದಲ್ಲಿ ‘ಹಬ್ಬ’ ಎಂದು ಬಿಡಬಾರದು. ಓಣಂ ರಜೆಯ ಮೊದಲ ಐದು ದಿನ ಯಾರ ಬಳಿ, ಬೇಸಿಗೆಯಲ್ಲಿ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಮಗುವಿನ ಹುಟ್ಟುಹಬ್ಬ ಯಾವ ವರ್ಷ ಎಲ್ಲಿ, ಟಿಕೆಟ್ ಯಾರದು, ರೈಲು ತಡವಾದರೆ ಯಾರಿಗೆ ಫೋನು, ಜ್ವರ ಬಂದರೆ ಬಿಟ್ಟುಹೋದ ದಿನವನ್ನು ಯಾವಾಗ ತುಂಬಿಕೊಡುವುದು, ಪಾಸ್‌ಪೋರ್ಟ್ ಯಾರ ಕೈಯಲ್ಲಿ, ಶಾಲೆಯ ಅಂಕಪಟ್ಟಿ ಇಬ್ಬರಿಗೂ ಬರುತ್ತದೆಯೇ, ಇಷ್ಟನ್ನೂ ಬರೆಯಬೇಕು. ಬರೆಯುವಾಗ ಬೇಸರವಾಗುತ್ತದೆ. ಮುಂದಿನ ಹತ್ತು ವರ್ಷದ ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ.

ವಿಡಿಯೊ ಕರೆಗೂ ಇದೇ ಮಾತು. ದೂರದಲ್ಲಿರುವ ತಂದೆ ಅಥವಾ ತಾಯಿ ದಿನಕ್ಕೆ ಐದು ಹತ್ತು ನಿಮಿಷ ಮಗುವಿನ ಜೊತೆ ಮಾತಾಡುವಂತಿರಬೇಕು ಎಂದು 2020ರ ಆ ತೀರ್ಪೇ ಸೂಚಿಸಿದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸಿಂಗಾಪುರ ಎರಡೂವರೆ ಗಂಟೆ ಮುಂದೆ. ಕೊಚ್ಚಿಯಲ್ಲಿ ರಾತ್ರಿ ಎಂಟು ಎಂದರೆ ದುಬೈಯ ಅಪ್ಪ ಆಗಷ್ಟೇ ಕೆಲಸ ಬಿಟ್ಟಿರುತ್ತಾನೆ, ಸಿಂಗಾಪುರದ ಅಪ್ಪನಿಗೆ ನಿದ್ದೆಯ ಹೊತ್ತು. ಮಗುವಿನ ಊಟ, ನಿದ್ದೆ ನೋಡಿಕೊಂಡು ಸಮಯ ಗೊತ್ತುಮಾಡಬೇಕು.

ಇಲ್ಲಿ ಕನ್ನಡತಿಯಾಗಿ ನನ್ನ ಮನಸ್ಸಿನ ಒಂದು ಮಾತು. ಮಲಯಾಳಿ ತಾಯಿಯ ಜೊತೆ ಕೊಚ್ಚಿಯಲ್ಲಿ ಬೆಳೆಯುವ ಕನ್ನಡ ತಂದೆಯ ಮಗುವಿಗೆ ಕನ್ನಡ ಕಿವಿಗೆ ಬೀಳುವುದು ಆ ಶನಿವಾರಗಳಲ್ಲಿ, ಆ ಹತ್ತು ನಿಮಿಷದ ಕರೆಗಳಲ್ಲಿ ಮಾತ್ರ. ಭೇಟಿ ನಿಂತರೆ ಅಜ್ಜಿಯ ಜೊತೆ ಮಾತಾಡುವ ಭಾಷೆಯೇ ಮಗುವಿನಿಂದ ಹೋಗುತ್ತದೆ. ತಾಯಿ ಕನ್ನಡದವಳಾಗಿ ತಂದೆ ಮಲಯಾಳಿಯಾದರೂ ನಷ್ಟ ಅಷ್ಟೇ.

ತಪ್ಪು ಕಲ್ಪನೆ: ನಮ್ಮ ಊರಿನ ಕೋರ್ಟಿನಲ್ಲೇ ಕೇಸು ಹಾಕಬಹುದು

1890ರ ಕಾಯ್ದೆಯ ಪ್ರಕಾರ ಮಗು ಸಾಮಾನ್ಯವಾಗಿ ವಾಸವಾಗಿರುವ ಊರಿನ ಕೋರ್ಟಿಗೇ ಪೋಷಕತ್ವದ ಅರ್ಜಿ ಹೋಗಬೇಕು. ಮಗು ಎರ್ನಾಕುಳದಲ್ಲಿದ್ದರೆ ಮಂಗಳೂರಿನ ತಂದೆ ಅಲ್ಲಿಗೇ ಹೋಗಬೇಕಾಗುತ್ತದೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮೊಕದ್ದಮೆ ವರ್ಗಾಯಿಸಬೇಕಾದರೆ ಸುಪ್ರೀಂ ಕೋರ್ಟಿಗೆ ಅರ್ಜಿ. ವಿದೇಶದ ಮಾತು ಇನ್ನೂ ತೊಡಕಿನದು. ಗಡಿ ದಾಟಿಸಿ ಒಯ್ದ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ರಜೆಗೆಂದು ಕರೆದೊಯ್ದು ಅಲ್ಲೇ ಉಳಿಸಿಕೊಂಡರೆ ಮುಂದಿನ ಹೋರಾಟ ವರ್ಷಗಟ್ಟಲೆ ನಡೆಯಬಹುದು. ಪಾಸ್‌ಪೋರ್ಟಿನ ಮಾತನ್ನು ಮೊದಲೇ ಬರೆದಿಡಿ ಎಂದದ್ದು ಅದಕ್ಕೇ.

ತಪ್ಪು ಕಲ್ಪನೆ: ಮಗು ಅತ್ತರೆ ಕಳಿಸಬೇಕಾಗಿಲ್ಲ

ಮಕ್ಕಳು ಅಳುತ್ತಾರೆ. ಅಂಗನವಾಡಿಗೆ ಹೋಗುವಾಗಲೂ ಅಳುತ್ತಾರೆ, ಅಲ್ಲಿಂದ ಬರುವಾಗಲೂ ಅಳುತ್ತಾರೆ. ಹೊರಡುವ ಹೊತ್ತಿನ ಅಳುವಿಗೆ ಕಾರಣ ಅಪ್ಪನ ಮೇಲಿನ ಭಯವೇ ಇರಬೇಕೆಂದಿಲ್ಲ. ಅಮ್ಮನ ಮುಖದಲ್ಲಿ ಕಂಡ ದುಃಖವೂ ಇರಬಹುದು. ಒಬ್ಬರ ಮೇಲೆ ಮಗುವಿನ ಮನಸ್ಸನ್ನು ಕಹಿ ಮಾಡುವುದರ ಪರಿಣಾಮವನ್ನು ಸುಪ್ರೀಂ ಕೋರ್ಟ್ 2017ರ ಒಂದು ತೀರ್ಪಿನಲ್ಲಿ ವಿಸ್ತಾರವಾಗಿ ಚರ್ಚಿಸಿದೆ. ‘ಅಪ್ಪನ ಹತ್ತಿರ ಹೋದರೆ ನಾನೊಬ್ಬಳೇ ಆಗ್ತೇನೆ’ ಎಂದು ಅಮ್ಮ ಬಾಯಿಬಿಟ್ಟು ಹೇಳಬೇಕೆಂದಿಲ್ಲ, ಬಾಗಿಲ ಬಳಿ ನಿಂತ ರೀತಿಯಿಂದಲೇ ಮಗು ಓದಿಕೊಳ್ಳುತ್ತದೆ. ‘ಅಮ್ಮ ಏನು ಹೇಳ್ತಾಳೆ, ಮನೆಗೆ ಯಾರು ಬರ್ತಾರೆ’ ಎಂದು ಕೆದಕುವ ಅಪ್ಪನ ಬಳಿ ಮುಂದಿನ ಸಲ ಹೋಗಲು ಮಗು ಹಿಂಜರಿದರೆ ಅದರಲ್ಲಿ ಮಗುವಿನ ತಪ್ಪಿಲ್ಲ.

ಎರಡೂ ಮನೆಯಲ್ಲಿ ಒಂದೊಂದು ಬ್ರಷ್ಷು, ಒಂದೊಂದು ಜೊತೆ ರಾತ್ರಿಯ ಬಟ್ಟೆ, ಬಣ್ಣದ ಪೆನ್ಸಿಲಿನ ಡಬ್ಬಿ ಇರಲಿ. ಹೋಗುವಾಗ ಅಮ್ಮ ಒಂದು ಚೀಟಿ ಬರೆದು ಕೊಡಲಿ: ಮೊಸರು ತಿನ್ನುತ್ತಿಲ್ಲ, ರಾತ್ರಿ ದೀಪ ಆರಿಸಿದರೆ ಹೆದರುತ್ತಾಳೆ, ಸೋಮವಾರ ಗಣಿತ ಪರೀಕ್ಷೆ. ಬರುವಾಗ ಅಪ್ಪನೂ ಹಾಗೆಯೇ ಒಂದು ಚೀಟಿ ಕೊಡಲಿ. ಇಷ್ಟು ಮಾಡಿದ ಮೇಲೂ ಮಗು ತಿಂಗಳುಗಟ್ಟಲೆ ಬಿಡದೆ ಪ್ರತಿಭಟಿಸಿದರೆ, ನಿದ್ದೆಯಲ್ಲಿ ಬೆಚ್ಚಿದರೆ, ಭೇಟಿಯನ್ನು ತಾವಾಗಿ ನಿಲ್ಲಿಸದೆ ಫ್ಯಾಮಿಲಿ ಕೋರ್ಟಿನ ಕೌನ್ಸೆಲರ್ ಬಳಿ ಹೋಗಬೇಕು, ಇಬ್ಬರೂ.